ಸೆರ್ಗೆಗೆ ತೂಗಿದ ಸೀಸೆ

ಹಬಿರಿಸ್ ನನ್ನ ಅಂಗಡಿಗೆ ಬಂದರೆ ಮೊದಲು ಕೂರುವವನಲ್ಲ. ಕಿಟಕಿಯ ಬಳಿ ಹೋಗಿ, ಗಾಜಿನ ಮೇಲೆ ಕಟ್ಟಿದ ಮಂಜನ್ನು ಉಗುರಿನಿಂದ ಕೆರೆದು, ಆ ಸಣ್ಣ ತೂತಿನಲ್ಲಿ ಕಣ್ಣಿಟ್ಟು ಹೊರಗೆ ನಿಂತ ತನ್ನ ಲಾರಿಯನ್ನು ನೋಡುತ್ತಿದ್ದ. ಎಂಜಿನ್ ಓಡುತ್ತಿದೆ, ಹೊಗೆ ನೆಟ್ಟಗೆ ಏಳುತ್ತಿದೆ ಎಂದು ಖಾತ್ರಿಯಾದ ಮೇಲೆಯೇ ಟೋಪಿ ತೆಗೆಯುವುದು. ನಮ್ಮ ಕಡೆ ಚಳಿಗಾಲದಲ್ಲಿ ಲಾರಿಯ ಎಂಜಿನ್ ಆರಿಸುವವನು ಒಂದೋ ತಲೆ ಕೆಟ್ಟವನು, ಇಲ್ಲ ಲಾರಿ ಮಾರಿಕೊಂಡವನು.

"ಮಾಪ್ಪಾ, ಸಾರು ಬಿಸಿ ಇದ್ಯೋ, ಇಲ್ಲ ನಿನ್ನ ಮುಖದ ಥರ ಇದ್ಯೋ?" ಅನ್ನುತ್ತಿದ್ದ. ಮಾಪ್ಪ ಅಂದರೆ ನಾನು, ಈ ಅಂಗಡಿಯ ಒಡತಿ.

"ಕುಡಿದು ನೋಡು. ನಾಲಿಗೆ ಸುಟ್ರೆ ಊರಿಗೆಲ್ಲ ಒಳ್ಳೇದು," ಅನ್ನುತ್ತಿದ್ದೆ ನಾನು.

ನಮ್ಮೂರು ಖರಿಯಾಲಾಖ್‌ನಲ್ಲಿ ಇರುವುದೇ ಎರಡು ವ್ಯವಹಾರ. ರಸ್ತೆಯ ಈಚೆ ನನ್ನ ಊಟದ ಅಂಗಡಿ, ಆಚೆ ಬೈಬಾಲನ ಡೀಸೆಲ್ ಅಂಗಳ. ಇಲ್ಲಿಂದ ಮುಂದೆ ರಸ್ತೆ ನದಿಗೆ ಇಳಿಯುತ್ತದೆ, ಆಮೇಲೆ ಮಂಜುಗಡ್ಡೆಯೇ ರಸ್ತೆ. ಮುಂದಿನ ಊರು ಸಿಗುವವರೆಗೆ ಲಾರಿಗೆ ಡೀಸೆಲ್ಲೂ ಇಲ್ಲ, ಮನುಷ್ಯನಿಗೆ ಬಿಸಿನೀರೂ ಇಲ್ಲ. ಆದ್ದರಿಂದ ಬಂದವರೆಲ್ಲ ನನ್ನಲ್ಲಿ ಹೊಟ್ಟೆ ತುಂಬಿಸಿಕೊಂಡು, ಅವನಲ್ಲಿ ಟ್ಯಾಂಕು ತುಂಬಿಸಿಕೊಂಡೇ ಹೋಗಬೇಕು.

ಹಬಿರಿಸನ ಲಾರಿಯಲ್ಲಿ ಸ್ಟೀರಿಂಗಿನ ಪಕ್ಕ ಅವನೇ ಕೂರಿಸಿಕೊಂಡ ಒಂದು ಮೀಟರ್ ಇತ್ತು. ಫಿಲ್ಟರ್ ದಾಟಿದ ಡೀಸೆಲ್ ಎಷ್ಟು ಒತ್ತಡದಲ್ಲಿ ಎಂಜಿನ್ನಿಗೆ ಹೋಗುತ್ತಿದೆ ಎಂದು ಅದರ ಮುಳ್ಳು ತೋರಿಸುತ್ತದೆ. ಮುಳ್ಳು ಮೇಲಿದ್ದರೆ ನೆಮ್ಮದಿ. ಕೆಳಗೆ ಬಿತ್ತೆಂದರೆ ಎಂಜಿನ್ನಿಗೆ ಡೀಸೆಲ್ ಸಾಲುತ್ತಿಲ್ಲ, ಸ್ವಲ್ಪ ಹೊತ್ತಿನಲ್ಲಿ ಅದು ಸಾಯುತ್ತದೆ. ಎಂಜಿನ್ ಸತ್ತರೆ ಹೀಟರ್ ಸಾಯುತ್ತದೆ, ಹೀಟರ್ ಸತ್ತ ಮೇಲೆ ಡ್ರೈವರನ ಸರದಿ. ಆ ಮುಳ್ಳಿಗೆ ಅವನು ಅಜ್ಜಿ ಎಂದು ಹೆಸರಿಟ್ಟಿದ್ದ. "ಅಜ್ಜಿ ಇವತ್ತು ಗೆಲುವಾಗಿದಾಳೆ," "ಅಜ್ಜಿ ಗುಡ್ಡ ಹತ್ತುವಾಗ ಸ್ವಲ್ಪ ಗೊಣಗಿದಳು," ಹೀಗೆ. ಮದುವೆಯಾಗದ ಗಂಡಸಿಗೆ ಮಾತಾಡಲು ಏನಾದರೂ ಬೇಕಲ್ಲ ಎಂದು ನಾನು ಛೇಡಿಸುತ್ತಿದ್ದೆ. ಅವನು ನಗುತ್ತಿದ್ದ. ಆದರೆ ಅಜ್ಜಿ ಸುಳ್ಳು ಹೇಳಿದ್ದನ್ನು ಅವನೂ ಕಂಡಿಲ್ಲ, ನಾನೂ ಕಂಡಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವನು ಜನ್ಮದಲ್ಲಿ ಒಂದೇ ಒಂದು ಸಲ ಅಜ್ಜಿಯ ಮಾತು ನಂಬಲಿಲ್ಲ.

ನಂಬಿದ್ದು ಬೈಬಾಲನನ್ನು.

ಇಬ್ಬರೂ ಹುಡುಗರಾಗಿದ್ದಾಗ ಒಂದೇ ಲಾರಿಯಲ್ಲಿ ಸರದಿಯ ಮೇಲೆ ಓಡಿಸುತ್ತಿದ್ದವರು. ವಸಂತಕ್ಕೆ ಮುಂಚೆ ಒಮ್ಮೆ ನದಿಯ ಮಂಜುಗಡ್ಡೆ ಕುಸಿದು ಲಾರಿಯ ಮೂತಿ ನೀರಿಗಿಳಿಯಿತು. ಬೈಬಾಲ್ ಹೊರಗೆ ಹಾರಿದವನು ಮತ್ತೆ ಸೊಂಟದವರೆಗೆ ನೀರಿಗಿಳಿದು, ಕ್ಯಾಬಿನ್ನಿನಲ್ಲಿ ಸಿಕ್ಕಿಕೊಂಡ ಇವನನ್ನು ಕೊರಳಪಟ್ಟಿ ಹಿಡಿದು ಎಳೆದ. ಹಬಿರಿಸ್ ಉಳಿದ. ಚಳಿಗೆ ಮರಗಟ್ಟಿ ಬೈಬಾಲನ ಎಡಗಾಲಿನ ಮುಂಭಾಗ ಹೋಯಿತು. ಕ್ಲಚ್ ತುಳಿಯಲಾಗದವನಿಗೆ ಲಾರಿ ಯಾರು ಕೊಡುತ್ತಾರೆ? ಆಗ ಹಬಿರಿಸ್ ರಸ್ತೆ ಬದಿಯ ತನ್ನ ಅಪ್ಪನ ಮನೆ ಅಂಗಳವನ್ನೇ ಅವನಿಗೆ ಬಿಟ್ಟುಕೊಟ್ಟ. ಡೀಸೆಲ್ ಟ್ಯಾಂಕುಗಳನ್ನು ತಾನೇ ಹೇರಿಕೊಂಡು ಬಂದು ಇಳಿಸಿದ. ಕೊಟ್ಟಿಗೆಯೊಳಗೆ ಟ್ಯಾಂಕಿನ ಪಕ್ಕ ಒಲೆ ಹಾಕಿ, ಡೀಸೆಲ್ ಬೆಚ್ಚಗಿರುವಂತೆ ಮಾಡಿಕೊಟ್ಟ. ಬೆಚ್ಚಗಿನ ಡೀಸೆಲ್ ಅಂದರೆ ನಮ್ಮ ಡ್ರೈವರುಗಳಿಗೆ ಪ್ರಾಣ.

ಅಂಗಳದ ನಡುವೆ ಹಬಿರಿಸನ ಅಪ್ಪ ತನ್ನ ಮದುವೆಯ ದಿನ ನೆಟ್ಟ ಸೆರ್ಗೆ ಇತ್ತು. ಕುದುರೆ ಕಟ್ಟುವ ಕೆತ್ತನೆಯ ಕಂಬ. ಈಗ ಕುದುರೆಯ ಮೇಲೆ ಯಾರೂ ಬರುವುದಿಲ್ಲ, ಆದರೂ ಸೆರ್ಗೆಯ ಮುಂದೆ ಯಾರೂ ಹೊಲಸು ಮಾತಾಡುವುದಿಲ್ಲ, ಸುಳ್ಳು ಆಣೆ ಇಡುವುದಿಲ್ಲ. ಮುಪ್ಪಾಗಿ ವಾಲಿದರೂ ಅದನ್ನು ಕಡಿಯುವ ಹಾಗಿಲ್ಲ, ತಾನಾಗಿ ಬೀಳುವವರೆಗೆ ಬಿಟ್ಟುಬಿಡಬೇಕು. ಆ ಕಂಬಕ್ಕೆ ಸೀಸೆ ತೂಗುಹಾಕುವ ಪದ್ಧತಿ ಶುರು ಮಾಡಿದವನೂ ಹಬಿರಿಸನೇ.

ಅದು ಹೀಗೆ. ಡೀಸೆಲ್‌ನಲ್ಲಿ ಎರಡು ಥರ. ನಮ್ಮ ಚಳಿಗೆಂದೇ ಮಾಡಿದ್ದು ಎಂಥ ಚಳಿಯಲ್ಲೂ ನೀರಿನ ಹಾಗೆ ಇರುತ್ತದೆ. ಬೇಸಿಗೆಯದು ಅಗ್ಗ, ಆದರೆ ಚಳಿ ತಾಗಿದರೆ ಅದರೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಮುಚ್ಚಿಹೋಗುತ್ತದೆ. ಸಂಜೆ ಬೈಬಾಲ್ ತಾನು ಮಾರುವ ಡೀಸೆಲನ್ನು ಒಂದು ಸೀಸೆಗೆ ತುಂಬಿ ಸೆರ್ಗೆಗೆ ತೂಗುಹಾಕಬೇಕು. ಇರುಳೆಲ್ಲ ಅದು ಚಳಿಯಲ್ಲಿರಬೇಕು. ಬೆಳಿಗ್ಗೆ ಡ್ರೈವರುಗಳು ಅದನ್ನು ತಲೆಕೆಳಗು ಮಾಡಿ ನೋಡುತ್ತಾರೆ. ತಿಳಿಯಾಗಿ ಅಲ್ಲಾಡಿದರೆ ತುಂಬಿಸಿಕೊಳ್ಳುವುದು, ಕದಡಿದ್ದರೆ ಬಿಡುವುದು. ಹಬಿರಿಸ್ ಊರಲ್ಲಿದ್ದ ದಿನ ಸೀಸೆ ನೋಡುವ ಕೆಲಸ ಅವನದೇ. ನೋಡಿ, ಲಾರಿ ಹತ್ತಿ ಉದ್ದಕ್ಕೆ ಒಂದು ಹಾರ್ನ್ ಹೊಡೆಯುತ್ತಿದ್ದ. ಆ ಹಾರ್ನ್ ಕೇಳಿದರೆ ಮಿಕ್ಕವರು ಕಣ್ಣು ಮುಚ್ಚಿ ಟ್ಯಾಂಕಿನ ಮುಚ್ಚಳ ತೆಗೆಯುತ್ತಿದ್ದರು.

ಸೀಸೆಯಲ್ಲಿ ಇರುವುದೂ ಟ್ಯಾಂಕಿನಲ್ಲಿ ಇರುವುದೂ ಒಂದೇನಾ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಸೆರ್ಗೆಗೆ ತೂಗಿದ ವಸ್ತುವಿನ ಬಗ್ಗೆ ಅಂಥ ಪ್ರಶ್ನೆ ನಮ್ಮವರ ತಲೆಗೆ ಬರುವುದೇ ಇಲ್ಲ.

ಹೋದ ಚಳಿಗಾಲ ಎರ್ಚಿಮ್ ಎಂಬ ಡ್ರೈವರ್ ನನ್ನ ಅಂಗಡಿಗೆ ನಡುಗುತ್ತಾ ಬಂದ. ಇನ್ನೂ ಹೊಸ ಮದುವೆಯ ಗಂಡ, ತನ್ನದೇ ಲಾರಿ ಮಾಡಿಕೊಂಡು ಮೊದಲ ವರ್ಷ ಓಡಿಸುತ್ತಿದ್ದ. ನದಿಯ ಮೇಲೆ ಎಂಜಿನ್ ನಿಂತು, ಒಳಗಿನ ನೀರು ಹೆಪ್ಪುಗಟ್ಟಿ ಎಂಜಿನ್ನೇ ಸೀಳಿಹೋಗಿತ್ತು. ಇನ್ನೊಂದು ಲಾರಿಯವರು ಅವನನ್ನು ಎತ್ತಿಕೊಂಡು ಬಂದಿದ್ದರು. ಅವನು ಕೈಯಲ್ಲಿದ್ದ ಫಿಲ್ಟರನ್ನು ಹಬಿರಿಸನ ಮುಂದೆ ಮೇಜಿನ ಮೇಲಿಟ್ಟ.

"ಅಣ್ಣ, ಇದನ್ನ ಕತ್ತರಿಸಿ ನೋಡು. ಒಳಗೆಲ್ಲ ಮೇಣ. ಇದು ಡೀಸೆಲ್ ತಪ್ಪು."

"ಡೀಸೆಲ್ ಎಲ್ಲಿ ಹಾಕಿಸ್ದೆ?"

"ಇಲ್ಲೇ. ಎದುರಿಗೆ."

ಹಬಿರಿಸ್ ಚಮಚ ಕೆಳಗಿಟ್ಟ. "ಹಾಗಾದ್ರೆ ಡೀಸೆಲ್ ತಪ್ಪಲ್ಲ. ಬೆಳಿಗ್ಗೆ ಸೀಸೆ ನೋಡಿದ್ದು ನಾನು."

"ಸೀಸೆ ಚೆನ್ನಾಗೇ ಇತ್ತಣ್ಣ. ನಾನೂ ನೋಡ್ದೆ. ಆದ್ರೆ..."

"ಆದ್ರೆ ಏನು? ಫಿಲ್ಟರ್ ಬದಲಾಯ್ಸೋಕೆ ಸೋಮಾರಿತನ, ಹಳೇ ಕೆಸರು ಟ್ಯಾಂಕಲ್ಲಿ ಹಾಗೇ ಬಿಟ್ಕೊಂಡಿರ್ತೀಯ. ಎಂಜಿನ್ ಸತ್ರೆ ಬೈಬಾಲ್ ಮೇಲೆ ಹಾಕ್ತೀಯಾ? ನಿನಗಿಂತ ದೊಡ್ಡ ಲಾರಿ ನಾವು ಓಡಿಸ್ತಿದ್ದಾಗ ನೀನು ಮೂಗು ಒರೆಸ್ಕೋತಿದ್ದೆ. ತೆಗಿ ಅದನ್ನ, ಊಟದ ಮೇಜಿನ ಮೇಲೆ ಇಂಥದ್ದೆಲ್ಲ ಇಡಬಾರ್ದು."

ಸುತ್ತ ಕೂತವರು ನಕ್ಕರು. ನಾನೂ ನಕ್ಕಿರಬೇಕು. ಎರ್ಚಿಮ್ ಫಿಲ್ಟರನ್ನು ಕೋಟಿನೊಳಗೆ ಹಾಕಿಕೊಂಡು ಎದ್ದುಹೋದ. ಲಾರಿಯನ್ನು ಹಳೆ ಕಬ್ಬಿಣಕ್ಕೆ ಕೊಟ್ಟ ಎಂದು ಆಮೇಲೆ ಕೇಳಿದೆವು. ಆ ಚಳಿಗಾಲ ಇನ್ನೂ ಕೆಲವರ ಎಂಜಿನ್ ನದಿಯ ಮೇಲೆ ನಿಂತಿತು. ಹಬಿರಿಸ್ ಎಲ್ಲರಿಗೂ ಬೈದ, ಈಗಿನ ಹುಡುಗರಿಗೆ ಲಾರಿ ನೋಡಿಕೊಳ್ಳುವುದೇ ಗೊತ್ತಿಲ್ಲ ಎಂದ. ಅವನ ಲಾರಿ ಒಮ್ಮೆಯೂ ನಿಂತಿರಲಿಲ್ಲವಲ್ಲ. ಅದೇ ಅವನ ಪುರಾವೆ.

ಈ ಸಲ ಚಳಿ ಬೇಗ ಬಂತು, ಬಂದದ್ದು ಹೋಗಲಿಲ್ಲ. ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗೆ ಇಳಿದು ಅಲ್ಲೇ ಕೂತುಬಿಟ್ಟಿತು. ಅಂಥ ಒಂದು ಬೆಳಿಗ್ಗೆ ಬೈಬಾಲ್ ಕುಂಟುತ್ತಾ ನನ್ನ ಅಡುಗೆಮನೆಗೆ ಬಂದ. ಅವನು ಬೆಳಿಗ್ಗೆ ಬರುವವನೇ ಅಲ್ಲ.

"ಮಾಪ್ಪಾ, ಒಂದು ತಟ್ಟೆ ಅಲಾಜಿ ಮಾಡ್ಕೊಡ್ತೀಯಾ? ಹಬಿರಿಸ್ ಹೊರಡ್ತಿದಾನೆ. ಬೆಂಕಿಗೆ ಕೊಡ್ಬೇಕು."

ದೂರ ಹೋಗುವವರ ಹೆಸರಿನಲ್ಲಿ ಬೆಂಕಿಗೆ ಒಂದು ಬಿಸಿ ಅಲಾಜಿ ರೊಟ್ಟಿ ಹಾಕಿ, ದಾರಿ ಸುಗಮವಾಗಲಿ ಎಂದು ಬೇಡಿಕೊಂಡು, ಮಿಕ್ಕದ್ದನ್ನು ನಾವು ತಿನ್ನುವುದು ಎಲ್ಲ ಮನೆಯ ರೂಢಿ. ಆದರೆ ಹಬಿರಿಸ್ ವಾರಕ್ಕೊಮ್ಮೆ ಹೊರಡುವವನು. ಅವನಿಗಾಗಿ ಬೈಬಾಲ್ ಬೆಂಕಿಗೆ ಕೊಟ್ಟದ್ದು ನಾನು ಕಂಡಿರಲಿಲ್ಲ.

"ಏನಪ್ಪಾ, ಇದ್ದಕ್ಕಿದ್ದ ಹಾಗೆ ಪ್ರೀತಿ?" ಅಂದೆ.

"ಚಳಿ ಜಾಸ್ತಿ ಇದೆ," ಅಂದ. ನನ್ನ ಕಣ್ಣನ್ನು ನೋಡಲಿಲ್ಲ.

ಬಿಸಿಬಿಸಿ ಅಲಾಜಿ ತಟ್ಟೆಯಲ್ಲಿ ಹಾಕಿಕೊಟ್ಟೆ. ಅವನು ನನ್ನ ಒಲೆಯ ಮುಂದೆಯೇ ಮೊಣಕಾಲೂರಿ ಕೂತು, ಅದರ ಬಾಗಿಲು ತೆರೆದು, ಒಂದೊಂದಾಗಿ ಬೆಂಕಿಗೆ ಹಾಕುತ್ತಾ ಏನೋ ಗೊಣಗಿದ. ಎಷ್ಟು ಹಾಕಿದ ಎಂದು ನಾನು ನೋಡಿದೆ. ಎಂಥ ಗೆಳೆತನ ಎಂದು ನನ್ನ ಕಣ್ಣು ಒದ್ದೆಯಾಯಿತು. ಈಗ ನೆನೆಸಿಕೊಂಡರೆ ಆ ತಟ್ಟೆಯನ್ನು ಅವನ ತಲೆಯ ಮೇಲೆ ಮಗುಚಬೇಕಿತ್ತು ಅನಿಸುತ್ತದೆ.

ಹೊರಗೆ ಡ್ರೈವರುಗಳೆಲ್ಲ ನೋಡುತ್ತಿದ್ದಂತೆ ಹಬಿರಿಸ್ ಸೀಸೆಯನ್ನು ತಲೆಕೆಳಗು ಮಾಡಿ ನೋಡಿದ. ನೀರಿನ ಹಾಗೆ ಅಲ್ಲಾಡಿತು. ಬೈಬಾಲ್ ತಾನೇ ಪೈಪು ಹಿಡಿದು ಅವನ ಎರಡು ಟ್ಯಾಂಕಿಗೂ ತುಂಬಿಸಿದ. ಉದ್ದದ ಹಾರ್ನ್ ಕೇಳಿಸಿತು. ಆವತ್ತು ಅವನ ಹಿಂದೆ ಇನ್ನೊಂದು ಲಾರಿ ಇರಲಿಲ್ಲ. ಅಷ್ಟು ಚಳಿಯಲ್ಲಿ ಹೊರಡುವ ಧೈರ್ಯ ಬೇರೆಯವರಿಗಿರಲಿಲ್ಲ.

ನದಿಯ ಮೇಲೆ ನಡೆದದ್ದನ್ನು ಆಮೇಲೆ ಅವನೇ ನನಗೆ ಹೇಳಿದ. ಒಂದೇ ಸಲಕ್ಕಲ್ಲ, ತುಣುಕು ತುಣುಕಾಗಿ.

ಸೂರ್ಯ ಮೇಲೆ ಬಂದಾಗ ಅವನು ನದಿಯ ದೊಡ್ಡ ತಿರುವು ದಾಟಿದ್ದ. ಟ್ಯಾಂಕಿನಲ್ಲಿದ್ದ ಡೀಸೆಲ್ಲಿನ ಬಿಸಿ ಅಷ್ಟರಲ್ಲಿ ಇಳಿದಿರಬೇಕು. ಅಜ್ಜಿ ತಲೆ ತಗ್ಗಿಸಿದಳು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೆಮ್ಮುತ್ತದೆ, ಬಿಟ್ಟರೆ ಮುಳ್ಳು ಸ್ವಲ್ಪ ಏಳುತ್ತದೆ, ಮತ್ತೆ ಒತ್ತಿದರೆ ಇನ್ನೂ ಕೆಳಗೆ. ಬೇರೆ ಯಾರದೇ ಲಾರಿಯಾಗಿದ್ದರೂ ಅವನು ಕೂತಲ್ಲಿಂದಲೇ ಹೇಳುತ್ತಿದ್ದ, ಫಿಲ್ಟರಿನಲ್ಲಿ ಮೇಣ ಕಟ್ಟಿದೆ, ಟ್ಯಾಂಕಿಗೆ ಸೀಮೆಎಣ್ಣೆ ಸುರಿ, ಫಿಲ್ಟರ್ ಬದಲಾಯಿಸು, ಬ್ಲೋ ಲ್ಯಾಂಪ್ ಹಚ್ಚಿ ಪೈಪು ಕಾಯಿಸು ಎಂದು. ಸೀಟಿನ ಹಿಂದೆ ಒಂದು ಡಬ್ಬ ಸೀಮೆಎಣ್ಣೆಯೂ ಇತ್ತು. ಎಂಜಿನ್ ಬಿಸಿ ಇರುವಾಗಲೇ ಮಾಡಿದ್ದರೆ ಬದುಕಿಕೊಳ್ಳುತ್ತಿತ್ತು.

ಅವನು ಮಾಡಲಿಲ್ಲ. ಡೀಸೆಲ್ ಬೈಬಾಲನದು, ಆದ್ದರಿಂದ ಡೀಸೆಲ್ ಅಲ್ಲ. ಅಲ್ಲಿಗೆ ಆ ದಾರಿ ಮುಚ್ಚಿತು. "ಏ ಮುದುಕಿ, ಸುಳ್ಳು ಹೇಳ್ತೀಯಾ?" ಎಂದು ಮೀಟರಿನ ಗಾಜಿಗೆ ಬೆರಳಿನಿಂದ ಹೊಡೆದ. ಪೈಪಿನ ಸಂದಿಯಲ್ಲಿ ಗಾಳಿ ಎಳೆಯುತ್ತಿರಬೇಕು ಎಂದು ಇಳಿದು ಎಲ್ಲ ನಟ್ಟು ಬಿಗಿದ. ಮುಳ್ಳು ಏಳಲಿಲ್ಲ. ಡೀಸೆಲ್ ಪಂಪು ಸವೆದಿರಬೇಕು ಎಂದು ಅದನ್ನು ಬಿಚ್ಚಿದ. ಅಷ್ಟರಲ್ಲಿ ಎಂಜಿನ್ ನಿಂತಿತ್ತು.

ಪಂಪಿನ ಸಣ್ಣ ನಟ್ಟುಗಳು ದಪ್ಪ ಕೈಗವಸಿಗೆ ಸಿಗುವುದಿಲ್ಲ. ಕೈಗವಸು ತೆಗೆದ. ಪೈಪಿನಲ್ಲಿ ಉಳಿದಿದ್ದ ಡೀಸೆಲ್, ಅರ್ಧ ನೀರು ಅರ್ಧ ಗಂಜಿಯಾಗಿ, ಬರಿಗೈ ಮೇಲೆ ಹರಿಯಿತು. ಆ ಚಳಿಯ ಡೀಸೆಲ್ ಚರ್ಮಕ್ಕೆ ತಾಗಿದರೆ ಕುದಿಯುವ ನೀರು ಬಿದ್ದಂತೆಯೇ. ಮೊದಲು ಉರಿಯಿತು, ಆಮೇಲೆ ಏನೂ ಅನಿಸಲಿಲ್ಲ. ಏನೂ ಅನಿಸದ ಬೆರಳುಗಳಿಂದಲೇ ಹೊಸ ಪಂಪು ಕೂರಿಸಿದ. ಎಂಜಿನ್ ಹತ್ತಲಿಲ್ಲ. ಸ್ಪೇರ್ ಟೈರಿಗೆ ಬೆಂಕಿ ಹಚ್ಚಿ, ಅದರ ಕಪ್ಪು ಹೊಗೆಯ ಪಕ್ಕ ಕೂತ.

ಆ ಹೊಗೆ ನೋಡಿ ಎದುರಿನಿಂದ ಬಂದ ಲಾರಿ ನಿಂತಿತು. ನಮ್ಮ ರಸ್ತೆಯಲ್ಲಿ ನಿಂತ ಲಾರಿಯನ್ನು ದಾಟಿ ಹೋಗುವವನು ಮನುಷ್ಯನಲ್ಲ. ಇಳಿದವನು ಎರ್ಚಿಮ್. ಈಗ ಯಾರದೋ ಲಾರಿಯಲ್ಲಿ ಸಂಬಳಕ್ಕೆ ಹಿಟ್ಟು ಸಾಗಿಸುತ್ತಿದ್ದ.

"ಏನಾಯ್ತಣ್ಣ?"

"ಪಂಪು. ಹೊಸದು ಹಾಕ್ದೆ, ಅದೂ ಕೆಟ್ಟದ್ದೇ ಅಂತ ಕಾಣ್ಸತ್ತೆ."

ಎರ್ಚಿಮ್ ಎಂಜಿನ್ನಿನ ಕಡೆ ನೋಡಿದ, ಟ್ಯಾಂಕಿನ ಕಡೆ ನೋಡಿದ. "ಫಿಲ್ಟರ್ ಕತ್ತರಿಸ್ಲಾ?"

"ಬೇಡ," ಅಂದ ಹಬಿರಿಸ್.

"ಅಣ್ಣ..."

"ಬೇಡ ಅಂದ್ನಲ್ಲ! ಫಿಲ್ಟರ್ ಮುಟ್ಬೇಡ. ಪಂಪು ನೋಡು."

ಇದನ್ನು ಹೇಳುವಾಗ ಹಬಿರಿಸ್ ನನ್ನ ಮುಖ ನೋಡಲಿಲ್ಲ. "ಬೇಡ ಅಂದಾಗ್ಲೇ ನಂಗೆ ಗೊತ್ತಿತ್ತು ಮಾಪ್ಪಾ," ಅಂದ. "ಗೊತ್ತಿಲ್ದೆ ಇದ್ರೆ ಯಾಕೆ ಬೇಡ ಅಂತಿದ್ದೆ?"

ಎರ್ಚಿಮ್ ಅವನ ಮಾತು ಕೇಳಲಿಲ್ಲ. ಫಿಲ್ಟರ್ ಬಿಚ್ಚಿ, ಕೊಡಲಿಯಿಂದ ಅದರ ತಗಡು ಸೀಳಿ, ತೆರೆದು ಹಿಡಿದ. ಒಳಗೆ ಬಿಳಿ ಮೇಣ ಕುದುರೆಯ ಕೊಬ್ಬಿನ ಹಾಗೆ ಗಟ್ಟಿಯಾಗಿ ತುಂಬಿತ್ತು. ಎರ್ಚಿಮ್ ಒಂದು ಮಾತೂ ಆಡಲಿಲ್ಲವಂತೆ. ಆಡಿದ್ದರೆ ಚೆನ್ನಾಗಿತ್ತು ಅನ್ನುತ್ತಾನೆ ಹಬಿರಿಸ್.

ಎರ್ಚಿಮ್ ಅವನನ್ನು ತನ್ನ ಲಾರಿಯಲ್ಲಿ ಕೂರಿಸಿಕೊಂಡು ವಾಪಸು ಕರೆತಂದ. ನಾನು ಅವನ ಕೈಗವಸು ತೆಗೆದು ನೋಡಿದೆ. ಬಲಗೈಯ ಬೆರಳುಗಳು ಮೇಣದ ಬತ್ತಿಯ ಬಣ್ಣವಾಗಿದ್ದವು. ಬಟ್ಟೆ ಸುತ್ತಿದೆ. "ಮೊದ್ಲು ಆಸ್ಪತ್ರೆಗೆ ಹೋಗು, ಎರ್ಚಿಮ್ ಕರ್ಕೊಂಡು ಹೋಗ್ತಾನೆ," ಅಂದೆ.

"ಒಂದು ಲೋಟ ಕೊಡು," ಅಂದ.

"ಟೀನಾ?"

"ಖಾಲಿ ಲೋಟ."

ಲೋಟ ಹಿಡಿದು ರಸ್ತೆ ದಾಟಿದ. ನಾನೂ ಎರ್ಚಿಮನೂ ಹಿಂದೆ ಹೋದೆವು, ಊಟಕ್ಕೆ ಕೂತಿದ್ದ ಡ್ರೈವರುಗಳೂ ಎದ್ದು ಬಂದರು. ಬೈಬಾಲ್ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ. ಹಬಿರಿಸನನ್ನು ನೋಡಿದ ಕೂಡಲೇ ಅವನ ಮುಖ ಅರಳಿತು. ನಿಜವಾಗಿ ಅರಳಿತು, ಅದನ್ನು ನಾನು ಸುಳ್ಳು ಹೇಳಲಾರೆ.

"ಬಂದ್ಯಾ ದೊಗೋರ್! ಬಂದ್ಬಿಟ್ಯಲ್ಲ!" ಎಂದು ಕೈ ಚಾಚಿ ಬಂದ. ದೊಗೋರ್ ಎಂದರೆ ಗೆಳೆಯ. ಒಬ್ಬರನ್ನೊಬ್ಬರು ಅವರು ಯಾವತ್ತೂ ಹೆಸರು ಹಿಡಿದು ಕರೆದವರಲ್ಲ.

ಹಬಿರಿಸ್ ಆ ಕೈಗೆ ಲೋಟ ಕೊಟ್ಟ. "ಪೈಪಿಂದ ತುಂಬ್ಸು."

ಬೈಬಾಲ್ ಲೋಟ ನೋಡಿದ, ಸುತ್ತ ನಿಂತವರನ್ನು ನೋಡಿದ. ಎರ್ಚಿಮ್ ಅವನ ಕೈಯಿಂದ ಲೋಟ ತೆಗೆದುಕೊಂಡು ತಾನೇ ತುಂಬಿಸಿ, ಸೆರ್ಗೆಯ ಬುಡದಲ್ಲಿ ಹಿಮದ ಮೇಲಿಟ್ಟ. ಮೇಲೆ ಸೀಸೆ ತೂಗುತ್ತಿತ್ತು, ಕೆಳಗೆ ಲೋಟ. ನಾವು ನಿಂತೆವು. ಯಾರೂ ಒಳಗೆ ಹೋಗಲಿಲ್ಲ. ಹುಬ್ಬಿನ ಮೇಲೆಲ್ಲ ಮಂಜು ಕಟ್ಟಿತು. ಸ್ವಲ್ಪ ಹೊತ್ತಿಗೆ ಲೋಟದೊಳಗೆ ಹಾಲು ಕದಡಿದ ಹಾಗಾಯಿತು, ಇನ್ನೂ ಸ್ವಲ್ಪ ಹೊತ್ತಿಗೆ ಎರ್ಚಿಮ್ ಅದನ್ನು ಮಗುಚಿ ಹಿಡಿದರೆ ಒಂದು ಹನಿಯೂ ಬೀಳಲಿಲ್ಲ.

ಹಬಿರಿಸ್ ಹಲ್ಲಿನಿಂದ ಸೀಸೆಯ ಬಿರಡೆ ಕಿತ್ತು ಮೂಸಿದ.

"ಸೀಮೆಎಣ್ಣೆ," ಅಂದ. ಎಂಥ ಚಳಿಗೂ ಜಗ್ಗದ, ಬರೀ ಸೀಮೆಎಣ್ಣೆ. "ಎಷ್ಟು ದಿನದಿಂದ?"

ಬೈಬಾಲ್ ಹಿಂದೆ ಸರಿದು ಕೊಟ್ಟಿಗೆಯ ಬಾಗಿಲು ಎಳೆದು ಮುಚ್ಚಿದ.

"ಹೋದ ವರ್ಷಾನೂ?"

"ಒಳ್ಳೇ ಡೀಸೆಲ್ ಸಾಕಾಗಲ್ಲ ಕಣೋ," ಅಂದ ಬೈಬಾಲ್. "ಬೇಸಿಗೇದು ಸ್ವಲ್ಪ ಬೆರೆಸ್ತಿದ್ದೆ. ಎಲ್ರೂ ಬೆರೆಸ್ತಾರೆ. ಎಂಜಿನ್ ಚೆನ್ನಾಗಿದ್ದೋರು ಹೋಗ್ತಾರೆ. ಆದ್ರೆ ನಿಂಗೆ ಯಾವತ್ತೂ ಹಾಕಿಲ್ಲ! ಈ ಸೆರ್ಗೆ ಮೇಲೆ ಆಣೆ. ನಿಂಗೆ ಅಂತ್ಲೇ ಒಂದು ಟ್ಯಾಂಕು ಬೇರೆ ಇಟ್ಟಿದ್ದೆ. ಯಾವಾಗ್ಲೂ ಅದ್ರಿಂದ್ಲೇ ಹಾಕಿದ್ದು. ನೀನೇ ಹೇಳು, ಒಂದು ಸಲನಾದ್ರೂ ನಿನ್ನ ಲಾರಿ ನಿಂತಿತ್ತಾ? ನಿಂಗೆ ನಾನು ಮೋಸ ಮಾಡ್ತೀನಾ ದೊಗೋರ್?"

ಹಬಿರಿಸನಿಗೆ ಅರ್ಥವಾದದ್ದು ನನಗೂ ಅದೇ ಗಳಿಗೆಗೆ ಅರ್ಥವಾಯಿತು. ಅವನಿಗೆ ಒಳ್ಳೆಯದು ಹಾಕಿದ್ದೇ ಮಿಕ್ಕವರಿಗೆ ಕೆಟ್ಟದ್ದು ಮಾರಲು. ಅವನ ಲಾರಿ ನಿಲ್ಲಬಾರದು, ಅವನ ಹಾರ್ನ್ ನಿಲ್ಲಬಾರದು. ಮೀನಿಗೆ ಗಾಳ ಹಾಕುವಾಗ ಸಿಕ್ಕಿಸುವ ಮಾಂಸದ ಚೂರು ಅವನು. ಇಷ್ಟು ಕಾಲ ಬೈಬಾಲ್ ಅವನನ್ನು ಚೆನ್ನಾಗಿ ನೋಡಿಕೊಂಡದ್ದು ಅದಕ್ಕೆ.

"ಇವತ್ತು?" ಅಂದ ಹಬಿರಿಸ್.

"ಆ ಟ್ಯಾಂಕು ಮುಗ್ದೋಗಿತ್ತು. ನೀನು ಹೊರಡ್ತೀನಿ ಅಂತ ನಿಂತಿದ್ದೆ. ಇಷ್ಟು ಜನದ ಮುಂದೆ ಹೆಂಗ್ ಹೇಳ್ಲಿ? ನಿನ್ನ ಎಂಜಿನ್ ಗಟ್ಟಿ, ದಾಟ್ಕೊಂಡ್ಬಿಡ್ತೀಯ ಅಂದ್ಕೊಂಡೆ." ಅವನ ಕಣ್ಣಲ್ಲಿ ನೀರು ಬಂದು ರೆಪ್ಪೆಯ ಮೇಲೆಯೇ ಗಟ್ಟಿಯಾಯಿತು. "ಬೆಂಕಿಗೆ ಬೇಡ್ಕೊಂಡೆ ಕಣೋ ನಿನ್ನ ಹೆಸರಲ್ಲಿ. ಮಾಪ್ಪನ್ನ ಕೇಳು. ನನ್ನ ಕಾಲಾಣೆ..."

"ಕಾಲಿನ ಮಾತು ಎತ್ಬೇಡ," ಅಂದ ಹಬಿರಿಸ್. "ಆವತ್ತು ನನ್ನನ್ನ ನೀರಲ್ಲೇ ಬಿಟ್ಟಿದ್ರೆ ನಂಗೆ ನಿನ್ನ ಬಗ್ಗೆ ಒಳ್ಳೇ ಅಭಿಪ್ರಾಯನೇ ಇರ್ತಿತ್ತು."

ಅವನು ಸೀಸೆಯನ್ನು ಒಡೆಯಲಿಲ್ಲ, ಬೈಬಾಲನನ್ನು ಹೊಡೆಯಲಿಲ್ಲ. ಬಿರಡೆ ಮತ್ತೆ ಹಾಕಿ, ಸೀಸೆಯನ್ನು ಅವನ ಕೈಗೇ ಕೊಟ್ಟು ಎರ್ಚಿಮನ ಲಾರಿ ಹತ್ತಿದ. ನಾನಾಗಿದ್ದರೆ ಆ ಕೊಟ್ಟಿಗೆಗೆ ಬೆಂಕಿ ಇಡುತ್ತಿದ್ದೆ.

ಆಸ್ಪತ್ರೆಯಲ್ಲಿ ಬಲಗೈಯ ನಾಲ್ಕು ಬೆರಳಿನ ತುದಿಗಳನ್ನು ಕತ್ತರಿಸಿದರು. ಅವನು ಊರಿಗೆ ಮರಳುವ ಹೊತ್ತಿಗೆ ಚಳಿ ಸ್ವಲ್ಪ ಮುರಿದಿತ್ತು. ಅಷ್ಟರಲ್ಲಿ ಇಲ್ಲಿ ಏನಾಗಿತ್ತು ಗೊತ್ತೇ? ಏನೂ ಆಗಿರಲಿಲ್ಲ. ಬೈಬಾಲ್ ಒಳ್ಳೆಯ ಡೀಸೆಲ್ ತರಿಸಿದ. ಕೆಲವು ದಿನ ಎಲ್ಲರ ಮುಂದೆ ತಲೆ ತಗ್ಗಿಸಿ ಓಡಾಡಿದ, ಆಮೇಲೆ ಎತ್ತಿದ. ಡ್ರೈವರುಗಳು ಮೊದಲ ವಾರ ಅವನಿಗೆ ಬೈದರು, ಎರಡನೇ ವಾರ ಅವನೊಂದಿಗೆ ಹೊಗೆಬತ್ತಿ ಸೇದಿದರು. ಮುಂದಿನ ಊರಿನವರೆಗೆ ಬೇರೆ ಡೀಸೆಲ್ ಇಲ್ಲವಲ್ಲ, ಏನು ಮಾಡುತ್ತಾರೆ? ಬೈಬಾಲನ ಮೇಲೆ ಕೋಪ ಮಾಡಿಕೊಂಡರೆ ಟ್ಯಾಂಕು ತುಂಬುವುದಿಲ್ಲ.

ಆ ಕೋಪವೆಲ್ಲ ಹಬಿರಿಸನ ಮೇಲೆ ತಿರುಗಿತು. ಅವನು ಒಳಗೆ ಕಾಲಿಟ್ಟ ದಿನ ಅಂಗಡಿಯಲ್ಲಿದ್ದವರೆಲ್ಲ ಚಮಚ ಕೆಳಗಿಟ್ಟು ಅವನನ್ನೇ ನೋಡಿದರು. ಅವನು ರೂಢಿಯಂತೆ ಕಿಟಕಿಗೆ ಹೋಗಿ ಮಂಜು ಕೆರೆಯಲು ಕೈಯೆತ್ತಿದ. ಉಗುರಿರಲಿಲ್ಲ. ಹೊರಗೆ ಲಾರಿಯೂ ಇರಲಿಲ್ಲ, ಅದು ನದಿಯ ಮೇಲೆ ಎಂಜಿನ್ ಸೀಳಿಕೊಂಡು ಹಾಗೇ ನಿಂತಿತ್ತು.

"ಸೀಸೆ ನೋಡೋರು ಬಂದ್ರು, ಜಾಗ ಬಿಡ್ರಪ್ಪಾ," ಅಂದ ಒಬ್ಬ.

"ಹಾರ್ನ್ ಎಲ್ಲಿ ಅಣ್ಣ? ಅದಕ್ಕೆ ಬೈಬಾಲ್ ಏನು ಕೊಡ್ತಿದ್ದ?" ಅಂದ ಇನ್ನೊಬ್ಬ.

ನಾನು ಸೌಟು ಎತ್ತಿಕೊಂಡು ಅಡುಗೆಮನೆಯಿಂದ ಬಂದೆ. "ಥೂ ನಿಮ್ಮ! ಎದುರಿಗೆ ಹೋಗಿ ಅವನ ಹತ್ರ ಹಲ್ಲು ಗಿಂಜ್ಕೊಂಡು ಡೀಸೆಲ್ ಹಾಕಿಸ್ಕೋತೀರ, ಇಲ್ಲಿ ಬೆರಳು ಕಳ್ಕೊಂಡೋನನ್ನ ಚುಚ್ಚುತೀರಾ? ಇನ್ನೊಂದು ಮಾತು ಬಂದ್ರೆ ಸಾರು ತಲೆ ಮೇಲೆ ಸುರೀತೀನಿ!"

"ಬಿಡು ಮಾಪ್ಪಾ," ಅಂದ ಹಬಿರಿಸ್. "ಅವರು ಹೇಳೋದ್ರಲ್ಲಿ ತಪ್ಪಿಲ್ಲ. ತುಂಬ್ಸಿದ್ದು ಅವನು, ತುಂಬ್ಸಿಕೊಳ್ಳಿ ಅಂದಿದ್ದು ನಾನು."

ಮೂಲೆಯ ಮೇಜಿನಲ್ಲಿ ಎರ್ಚಿಮ್ ಒಬ್ಬನೇ ಉಣ್ಣುತ್ತಿದ್ದ. ಹಬಿರಿಸ್ ಅವನೆದುರು ಹೋಗಿ ನಿಂತು, ಕೋಟಿನೊಳಗಿಂದ ಸೀಳಿದ ಫಿಲ್ಟರನ್ನು ಎಡಗೈಯಲ್ಲಿ ತೆಗೆದು ಮೇಜಿನ ಮೇಲಿಟ್ಟ. ತನ್ನ ಲಾರಿಯದು.

ಎರ್ಚಿಮ್ ಅದನ್ನು ನೋಡಿದ. "ಊಟದ ಮೇಜಿನ ಮೇಲೆ ಇಂಥದ್ದೆಲ್ಲ ಇಡಬಾರ್ದು ಅಣ್ಣ," ಅಂದ. ಫಿಲ್ಟರನ್ನು ಎತ್ತಿ ಕಿಟಕಿಯ ಅಡಿಯಲ್ಲಿಟ್ಟು, ಬೆಂಚಿನ ಮೇಲೆ ಪಕ್ಕಕ್ಕೆ ಸರಿದ. "ಕೂತ್ಕೊ. ಸಾರು ಆರೋಗತ್ತೆ."

ಇಬ್ಬರೂ ಉಂಡರು. ಹಬಿರಿಸ್ ಎಡಗೈಯಲ್ಲಿ ಚಮಚ ಹಿಡಿದು ಅಂಗಿಯ ಮೇಲೆಲ್ಲ ಚೆಲ್ಲಿಕೊಂಡ. ಎರ್ಚಿಮ್ ನೋಡಿಯೂ ನೋಡದ ಹಾಗಿದ್ದ. ಕೊನೆಗೆ ಎದ್ದು, "ಕೈ ಗಾಯ ಮಾಯ್ದ ಮೇಲೆ ಬಾ, ನನ್ನ ಜೊತೆ ಕೂತ್ಕೊಂಡು ಬರೋವಂತೆ. ಮೀಟರ್ ನೋಡೋಕೆ ಬೆರಳು ಬೇಕಾಗಿಲ್ಲ," ಎಂದು ಹೊರಟ. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಎದುರಿನ ಅಂಗಳದಲ್ಲಿ ಬೈಬಾಲ್ ಅವರ ಟ್ಯಾಂಕು ತುಂಬಿಸುತ್ತಾ ಏನೋ ಹೇಳಿ ನಗಿಸುತ್ತಿದ್ದದ್ದು ಇಲ್ಲಿಗೂ ಕೇಳಿಸಿತು. ಸೆರ್ಗೆಗೆ ಹೊಸ ಸೀಸೆ ತೂಗುತ್ತಿತ್ತು.

ಹಬಿರಿಸ್ ನನ್ನ ಒಲೆಯ ಮುಂದೆ ಬಂದು ಕೂತ.

"ಮಾಪ್ಪಾ, ಆವತ್ತು ಬೆಳಿಗ್ಗೆ ಇಲ್ಲೇ ಕೂತು ಬೆಂಕಿಗೆ ಹಾಕಿದ್ನಾ?"

"ಹೂಂ."

"ಒಂದು ಅಲಾಜಿನಾ? ಎಲ್ರೂ ಹಾಕೋ ಹಾಗೆ?"

ಸುಳ್ಳು ಹೇಳಿಬಿಡೋಣ ಅನ್ನಿಸಿತು. ಒಂದು ಎಂದರೆ, ರೂಢಿಗೆ ಹಾಕಿದ, ಅಪಾಯದ ಯೋಚನೆ ಅಷ್ಟಾಗಿ ಇರಲಿಲ್ಲ ಎಂದು ಅವನು ಸಮಾಧಾನ ಮಾಡಿಕೊಳ್ಳುತ್ತಿದ್ದನೇನೋ. ಆದರೆ ಅವನಿಗೆ ಸುಳ್ಳು ಹೇಳಿದವರು ಆಗಲೇ ಬೇಕಾದಷ್ಟು ಮಂದಿ ಇದ್ದರು.

"ಇಲ್ಲ," ಅಂದೆ. "ಪೂರ್ತಿ ತಟ್ಟೆ ಹಾಕ್ದ. ತಿನ್ನೋಕೆ ಒಂದೂ ಇಟ್ಕೊಳ್ಲಿಲ್ಲ."

ಹಬಿರಿಸ್ ತಲೆಯಾಡಿಸಿದ. ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಅದನ್ನೇ ನೋಡುತ್ತಾ ಕೂತ.

"ಅಂದ್ರೆ ನಾನು ಸಾಯ್ತೀನಿ ಅಂತ್ಲೇ ಅಂದ್ಕೊಂಡಿದ್ದ," ಅಂದ.